ಪದಚರ್ಚೆ: ‘ರನ್‌ಅವೇ ಪ್ರೊಸೆಸ್’ಗೆ ಕನ್ನಡದಲ್ಲಿ ಏನೆನ್ನೋಣ?

ಗೆಳೆಯರೆ,

ಮುಂಬಯಿ, ಠಾಣೆ ಕಡೆಯ ಮುದ್ರಣಾಲಯ ಮತ್ತು ಲೆಕ್ಕಪತ್ರದ ಕಚೇರಿಗಳಲ್ಲಿ ಲಿನಕ್ಸ್ ಫೈಲ್ ಸರ್ವರ್ ನೋಡಿಕೊಳ್ಳುವ ಕನ್ನಡದ ಹುಡುಗರಿಗಾಗಿ ಒಂದು ಕೈಪಿಡಿ ತಯಾರಾಗುತ್ತಿದೆ. ಮಿತಿ ಮೀರಿ ಸಿಪಿಯು ತಿನ್ನುವ ಪ್ರೊಸೆಸ್ಸಿಗೆ (ಓಡುತ್ತಿರುವ ಪ್ರೋಗ್ರಾಮಿಗೆ) ಹೇಳುವ ‘ರನ್‌ಅವೇ ಪ್ರೊಸೆಸ್’ ಬಂದಲ್ಲೆಲ್ಲ ಒಂದು ಕರಡಿನಲ್ಲಿ ‘ಓಡಿಹೋದ ಪ್ರಕ್ರಿಯೆ’ ಎಂದಿದೆ, ಇನ್ನೊಂದರಲ್ಲಿ ‘ನಿಯಂತ್ರಣಾತೀತ ಪ್ರಕ್ರಿಯೆ’. ಮೊದಲನೆಯದು ಕಿವಿಗೆ ತಪ್ಪೆನಿಸುತ್ತದೆ, ಎರಡನೆಯದನ್ನು ಕೆಲಸದ ನಡುವೆ ಯಾರೂ ಆಡಲಾರರು. ಬೇರೆ ಪದ ಹೊಳೆಯುತ್ತದೆಯೇ? ಜೋಂಬಿ, ಆರ್ಫನ್, ಡಿ ಸ್ಥಿತಿ, ಲೋಡ್ ಆವರೇಜ್, ಕಿಲ್ ಇವಕ್ಕೂ ಸೂಚನೆ ಬೇಕು. ಪದದ ಜೊತೆಗೆ ಅದು ಏಕೆ ಸರಿ ಎಂಬುದನ್ನೂ ಬರೆದರೆ ಉಪಕಾರ.

*

ನಮಸ್ಕಾರ. ಪುಣೆಯಿಂದ ಉತ್ತರಿಸುತ್ತಿದ್ದೇನೆ.

ನಿಮ್ಮ ಕಿವಿ ಸರಿಯಾಗಿಯೇ ಹೇಳಿದೆ. ಕನ್ನಡದಲ್ಲಿ ಓಡಿಹೋದದ್ದು ಎಂದರೆ ಈಗ ಇಲ್ಲಿಲ್ಲ ಎಂದರ್ಥ. ಸರ್ವರಿನಲ್ಲಿ ಆಗುವುದು ಅದರ ತದ್ವಿರುದ್ಧ: ಪ್ರೊಸೆಸ್ ಕಣ್ಣೆದುರೇ ಕೂತು ಸಿಪಿಯುವಿನ ಒಂದು ಇಡೀ ಕೋರ್ ತಿನ್ನುತ್ತಿರುತ್ತದೆ. ‘ಓಡಿಹೋದ’ ಎಂದು ಓದಿದ ಹುಡುಗ ನಿಂತುಹೋದ ಸೇವೆಯನ್ನು ಹುಡುಕಲು ಹೊರಟಾನು.

ನನ್ನ ಸೂಚನೆ ‘ಹಗ್ಗ ಹರಿದ ಪ್ರೊಸೆಸ್’. ಹಗ್ಗ ಹರಿದ ಎತ್ತು ಎಂದರೆ ಧಾರವಾಡದವರಿಗೂ ಉಡುಪಿಯವರಿಗೂ ಬಿಡಿಸಿ ಹೇಳಬೇಕಿಲ್ಲ. ಆ ಎತ್ತಿಗೆ ಒಡೆಯನಿದ್ದಾನೆ, ಕಟ್ಟಿದ ಗೂಟವಿದೆ, ಮೇಯುವ ಕೆಲಸವೂ ಅದರದ್ದೇ. ತಪ್ಪಿದ್ದು ಮಿತಿ ಮಾತ್ರ. ನಮ್ಮ ಕಡೆ ಮರಾಠಿಯ ‘ಮೊಕಾಟ್’ ಥಟ್ಟನೆ ಬಾಯಿಗೆ ಬರುತ್ತದೆ, ಆದರೆ ಅದು ಬೀದಿಯಲ್ಲಿ ಅಲೆಯುವ ಬಿಡಾಡಿ ದನಕ್ಕೆ ಹೇಳುವ ಮಾತು. ಬಿಡಾಡಿ ದನ ಯಾರದೆಂದು ಯಾರೂ ಕೇಳುವುದಿಲ್ಲ. ಹಗ್ಗ ಹರಿದ ಎತ್ತನ್ನು ಕಂಡರೆ ಮೊದಲು ಕೇಳುವುದೇ ‘ಯಾರ ಮನೆಯದು?’ ಎಂದು. ಲಿನಕ್ಸ್ ಫೈಲುಗಳನ್ನು ವಿಂಡೋಸ್ ಯಂತ್ರಗಳಿಗೆ ಹಂಚುವ ಸಾಂಬಾ ಸರ್ವರಿನಲ್ಲಿ ಕೇಳಬೇಕಾದ ಮೊದಲ ಪ್ರಶ್ನೆಯೂ ಅದೇ.

ಏಕೆಂದರೆ ಸಾಂಬಾ ತನಗೆ ಜೋಡಿಕೊಂಡ ಪ್ರತಿ ಯಂತ್ರಕ್ಕೂ ಒಂದೊಂದು ಎಸ್‌ಎಂಬಿಡಿ ಪ್ರೊಸೆಸ್ ಹುಟ್ಟಿಸುತ್ತದೆ. ಕಚೇರಿಯಲ್ಲಿ 20 ಕಂಪ್ಯೂಟರ್ ಇದ್ದರೆ ತಾಯಿ ಪ್ರೊಸೆಸ್ಸಿನ ಕೆಳಗೆ ಸುಮಾರು 20 ಮರಿಗಳು. ಓಡುತ್ತಿರುವ ಪ್ರೊಸೆಸ್‌ಗಳ ಪಟ್ಟಿ ತೋರಿಸುವ ಟಾಪ್ ತೆರೆದು, ಸಿಪಿಯು ಬಳಕೆಯ ಕ್ರಮಕ್ಕಾಗಿ ದೊಡ್ಡ ಪಿ ಒತ್ತಿ. ಒಂದು ಸಾಲು ಮೇಲೇರಿ ನಿಲ್ಲುತ್ತದೆ: ಪ್ರೊಸೆಸ್ ಸಂಖ್ಯೆ 4182, ಸ್ಥಿತಿ ಆರ್ (ಓಡುತ್ತಿದೆ), ಸಿಪಿಯು 99.7, ಹೆಸರು ಎಸ್‌ಎಂಬಿಡಿ. ಇಲ್ಲಿ 100 ಎಂದರೆ ಒಂದು ಕೋರ್ ಪೂರ್ತಿ. 4 ಕೋರಿನ ಯಂತ್ರದಲ್ಲಿ ಮೇಲಿನ ಒಟ್ಟು ಲೆಕ್ಕ ಆಗಲೂ ಮುಕ್ಕಾಲು ಪಾಲು ಖಾಲಿ ಎಂದೇ ತೋರಿಸುತ್ತದೆ. ಒಟ್ಟು ಲೆಕ್ಕವನ್ನಷ್ಟೇ ನೋಡಿದವರು ಮೋಸ ಹೋಗುವುದು ಇಲ್ಲೇ. ಟಾಪ್‌ನಲ್ಲಿ 1 ಎಂಬ ಅಂಕಿ ಒತ್ತಿದರೆ ಕೋರ್‌ಗಳು ಬಿಡಿಬಿಡಿಯಾಗಿ ಕಾಣುತ್ತವೆ.

ಮುಂದೆ, ಯಾರು ಜೋಡಿಕೊಂಡಿದ್ದಾರೆಂದು ತೋರಿಸುವ ಎಸ್‌ಎಂಬಿಸ್ಟೇಟಸ್ ಆಜ್ಞೆ ಕೊಡಿ. 4182ರ ಮುಂದೆ ಬಳಕೆದಾರನ ಹೆಸರು, ಯಂತ್ರದ ಹೆಸರು ಬರುತ್ತದೆ. ಮನೆ ಸಿಕ್ಕಿತು. ಪ್ರೊಸೆಸ್ ಕರ್ನೆಲ್‌ಗೆ (ಲಿನಕ್ಸಿನ ತಿರುಳಿಗೆ) ಮಾಡುವ ಕರೆಗಳನ್ನು ತೋರಿಸುವ ಎಸ್‌ಟ್ರೇಸನ್ನು ಅದೇ ಸಂಖ್ಯೆಗೆ ಅರ್ಧ ನಿಮಿಷ ಜೋಡಿಸಿ ನೋಡಿದರೆ ಕೆಲಸವೂ ಕಾಣುತ್ತದೆ. ಗೆಟ್‌ಡೆಂಟ್ಸ್64 ಎಂಬ ಕರೆ ತೆರೆಯ ತುಂಬ ಸುರಿಯುತ್ತಿದ್ದರೆ, ಅದು ಒಂದು ದೊಡ್ಡ ಫೋಲ್ಡರನ್ನು ಮತ್ತೆ ಮತ್ತೆ ಮೊದಲಿಂದ ಕೊನೆಯವರೆಗೆ ಓದುತ್ತಿದೆ.

ಇದರ ಕಾರಣವನ್ನು ಕೈಪಿಡಿಯಲ್ಲಿ ದಯವಿಟ್ಟು ವಿವರವಾಗಿಯೇ ಬರೆಯಿರಿ. ವಿಂಡೋಸ್‌ಗೆ ಹೆಸರಿನಲ್ಲಿ ದೊಡ್ಡಕ್ಷರ, ಸಣ್ಣಕ್ಷರದ ಭೇದವಿಲ್ಲ. ಲಿನಕ್ಸ್ ಡಿಸ್ಕಿಗೆ ಸಾಮಾನ್ಯವಾಗಿ ಇದೆ. ಕೇಳಿದ ಹೆಸರು ಅಕ್ಷರಕ್ಕಕ್ಷರ ಸಿಗದಿದ್ದರೆ, ಬೇರೆ ಅಕ್ಷರರೂಪದಲ್ಲಿ ಇದ್ದೀತೇ ಎಂದು ಸಾಂಬಾ ಇಡೀ ಫೋಲ್ಡರ್ ಓದಿ ನೋಡಬೇಕಾಗುತ್ತದೆ. ಹೊಸ ಫೈಲ್ ಹಾಕುವಾಗ ಆ ಹೆಸರು ಸಿಗದಿರುವುದು ಸಹಜ, ಹಾಗಾಗಿ ಪ್ರತಿಸಲವೂ ಪೂರ್ತಿ ಓದು. ಸ್ಕ್ಯಾನ್ ಮಾಡಿದ 60,000 ಬಿಲ್ಲುಗಳಿರುವ ಫೋಲ್ಡರಿಗೆ ಇನ್ನೂ 1,000 ಸೇರಿಸಿದರೆ 6 ಕೋಟಿಗೂ ಹೆಚ್ಚು ಸಲ ಹೆಸರು ಹೋಲಿಸಬೇಕು. ಎತ್ತು ಹಗ್ಗ ಹರಿಯುವುದು ಹೀಗೆ.

ಅದನ್ನು ಹೊಡೆದು ಕೆಡವಿದರೆ ಏನೂ ಸಿಗುವುದಿಲ್ಲ. ವಿಂಡೋಸ್ ಯಂತ್ರ ಕ್ಷಣದಲ್ಲಿ ಮತ್ತೆ ಜೋಡಿಕೊಳ್ಳುತ್ತದೆ, ಹೊಸ ಸಂಖ್ಯೆಯ ಎಸ್‌ಎಂಬಿಡಿ ಹುಟ್ಟುತ್ತದೆ, ಅದೇ ಕೆಲಸ ಮೊದಲಿನಿಂದ ಶುರು. ಫೋಲ್ಡರನ್ನು ವರ್ಷ, ತಿಂಗಳಿನಂತೆ ಒಡೆಯುವುದು ಸುರಕ್ಷಿತ ದಾರಿ. ಆಗದಿದ್ದರೆ ಸಾಂಬಾದ ಸಂರಚನೆಯ ಕಡತದಲ್ಲಿ ಆ ಒಂದು ಷೇರಿಗೆ (ಹಂಚಿದ ಫೋಲ್ಡರಿಗೆ) ಮಾತ್ರ ಕೇಸ್ ಸೆನ್ಸಿಟಿವ್ ಯೆಸ್, ಡಿಫಾಲ್ಟ್ ಕೇಸ್ ಲೋವರ್, ಪ್ರಿಸರ್ವ್ ಕೇಸ್ ನೋ, ಶಾರ್ಟ್ ಪ್ರಿಸರ್ವ್ ಕೇಸ್ ನೋ, ಹೀಗೆ ನಾಲ್ಕು ಸಾಲು ಒಟ್ಟಿಗೆ ಹಾಕಬೇಕು. ಅದಕ್ಕೂ ಮೊದಲು ಒಳಗಿನ ಎಲ್ಲ ಹೆಸರುಗಳನ್ನು ಸಣ್ಣಕ್ಷರಕ್ಕೆ ತಂದಿರಬೇಕು. ತರದೆ ಹಾಕಿದರೆ ದೊಡ್ಡಕ್ಷರದ ಹಳೆಯ ಫೈಲುಗಳು ಡಿಸ್ಕಿನಲ್ಲಿದ್ದೂ ಬಳಕೆದಾರರಿಗೆ ಸಿಗುವುದಿಲ್ಲ, ಫೈಲ್ ಅಳಿಸಿಹೋಯಿತೆಂದು ಕಚೇರಿಯೆಲ್ಲ ಗಾಬರಿಯಾಗುತ್ತದೆ.

ಹಗ್ಗ ಹರಿಯಲು ಬೇರೆ ಕಾರಣಗಳೂ ಇವೆ. ಯಾವುದೋ ಯಂತ್ರದ ಆ್ಯಂಟಿವೈರಸ್ ಇಡೀ ಷೇರನ್ನು ಜಾಲಾಡುತ್ತಿರಬಹುದು. ತಪಾಸಣೆಗೆಂದು ಲಾಗ್ ಲೆವೆಲ್ (ದಾಖಲೆ ಬರೆಯುವ ವಿವರದ ಮಟ್ಟ) 10 ಮಾಡಿ ಇಳಿಸುವುದನ್ನು ಮರೆತಿರಬಹುದು.

‘ಲೋಡ್ ಆವರೇಜ್’ಗೆ ‘ಹೊರೆ’ ಎಂದರೆ ಸಿಪಿಯು ದಣಿದಿದೆ ಎಂಬ ಭಾವನೆ ಬರುತ್ತದೆ. ಅದು ನಿಜಕ್ಕೂ ತಲೆ ಎಣಿಕೆ: ಓಡುತ್ತಿರುವವು, ಸರದಿಗೆ ಕಾಯುತ್ತಿರುವವು, ಡಿ ಸ್ಥಿತಿಯಲ್ಲಿರುವವು ಸೇರಿ 1, 5, 15 ನಿಮಿಷಗಳ ಸರಾಸರಿ. ದಾದರ್ ನಿಲ್ದಾಣದ ಟಿಕೆಟ್ ಕಿಟಕಿಯ ಮುಂದಿನ ಕ್ಯೂ ಹಾಗೆ. ಕಿಟಕಿಯವನು ಸುಮ್ಮನೆ ಕೂತಿದ್ದರೂ ಕ್ಯೂ ಉದ್ದವಿರಬಹುದು, ಪ್ರಿಂಟರ್ ಕಾಗದಕ್ಕೆ ಕಾಯುತ್ತಿದ್ದರೆ. ‘ಸರದಿ ಸರಾಸರಿ’ ಎನ್ನೋಣ. ಸರದಿ 12, ಸಿಪಿಯು ಬಹುಪಾಲು ಖಾಲಿ ಎಂದು ಕಂಡರೆ ಹಗ್ಗ ಹರಿದದ್ದನ್ನು ಹುಡುಕಬೇಡಿ. ಟಾಪ್‌ನಲ್ಲಿ ಡಬ್ಲ್ಯುಎ (ಡಿಸ್ಕಿಗೆ ಕಾದ ಸಮಯದ) ಅಂಕಿ ನೋಡಿ, ಡಿಸ್ಕ್ ನೋಡಿ, ಉತ್ತರ ಕೊಡದ ಎನ್‌ಎಫ್‌ಎಸ್ ಮೌಂಟ್ (ನೆಟ್‌ವರ್ಕಿನಿಂದ ಜೋಡಿಸಿದ ಬೇರೆ ಯಂತ್ರದ ಫೋಲ್ಡರ್) ನೋಡಿ.

ಡಿ ಸ್ಥಿತಿಗೆ ‘ಎಬ್ಬಿಸಲಾಗದ ನಿದ್ದೆ’. ಡಿಸ್ಕಿನ ಉತ್ತರಕ್ಕೆ ಕಾಯುತ್ತ ಮಲಗಿದ ಆ ಪ್ರೊಸೆಸ್ ಸಾಮಾನ್ಯವಾಗಿ ಕಿಲ್ -9 ಎಂಬ ಕಡೆಯ ಸನ್ನೆಗೂ ಜಗ್ಗುವುದಿಲ್ಲ, ಉತ್ತರ ಬಂದ ಮೇಲೆಯೇ ಸನ್ನೆ ಅದಕ್ಕೆ ಮುಟ್ಟುವುದು.

ಜೋಂಬಿಗೆ ‘ಬೇತಾಳ’ ಬೇಡ. ಬೇತಾಳ ಬೆನ್ನೇರಿ ಕಾಡುತ್ತದೆ. ಇದು ಸತ್ತು ಮುಗಿದಿದೆ, ರೇಷನ್ ಕಾರ್ಡಿನಿಂದ ಹೆಸರು ತೆಗೆಸಿಲ್ಲ ಅಷ್ಟೆ. ‘ಹೆಸರುಳಿದ ಪ್ರೊಸೆಸ್’ ಎನ್ನಬಹುದು. ಹೆಸರು ತೆಗೆಸಬೇಕಾದದ್ದು ತಾಯಿ ಪ್ರೊಸೆಸ್, ಆದ್ದರಿಂದ ತಪಾಸಣೆ ಅದರದ್ದೇ ಆಗಬೇಕು. ಆರ್ಫನ್‌ಗೆ ‘ತಬ್ಬಲಿ’ ಸಾಕು. ತಾಯಿ ಸತ್ತ ಮೇಲೆ ಸಾಮಾನ್ಯವಾಗಿ 1ನೇ ಪ್ರೊಸೆಸ್ ಅದನ್ನು ಸಾಕಿಕೊಳ್ಳುತ್ತದೆ.

ಕೊನೆಗೆ ‘ಕಿಲ್’. ‘ಕೊಲ್ಲು’ ಎಂದು ಬರೆಯಬೇಡಿ. ಆ ಆಜ್ಞೆ ಪ್ರೊಸೆಸ್ಸಿಗೆ ಒಂದು ಸನ್ನೆ ಕಳಿಸುತ್ತದೆ ಅಷ್ಟೆ. ಕಿಲ್ -1 ಕೊಟ್ಟರೆ ಎಸ್‌ಎಂಬಿಡಿ ಸಾಯುವುದಿಲ್ಲ, ತನ್ನ ಸಂರಚನೆಯ ಕಡತವನ್ನು ಮತ್ತೆ ಓದಿಕೊಳ್ಳುತ್ತದೆ. ಸನ್ನೆಯ ಸಂಖ್ಯೆ ಕೊಡದಿದ್ದರೆ ಹೋಗುವುದು 15: ಹಿಡಿದದ್ದನ್ನು ಬಿಟ್ಟು ಹೊರಡು ಎಂಬ ಮಾತು. 9ಕ್ಕೆ ಆ ಅವಕಾಶವೂ ಇಲ್ಲ. ‘ಸನ್ನೆ ಮಾಡು’ ಎಂದರೆ ಮೂರಕ್ಕೂ ಹೊಂದುತ್ತದೆ. ಆಜ್ಞೆಯ ಹೆಸರು ಕಿಲ್ ಎಂದೇ ಇರಲಿ. ಸ್ಥಿತಿ ಸೂಚಿಸುವ ಆರ್, ಎಸ್ (ನಿದ್ದೆ), ಡಿ, ಜಡ್ (ಜೋಂಬಿ) ಅಕ್ಷರಗಳೂ ಹಾಗೆಯೇ ಇರಲಿ, ಹುಡುಗರಿಗೆ ತೆರೆಯ ಮೇಲೆ ಕಾಣುವುದು ಅವೇ. ಅರ್ಥ ಬರೆಯುವಲ್ಲಿ ಮಾತ್ರ ಈ ಕನ್ನಡ ಪದಗಳನ್ನು ಬಳಸಿ.