ಸಿಗ್ನಲ್ ದಾಟಿಸೋ ರಿಲೇ ಡ್ರೋನ್ ಇಳಿದ ಕೂಡ್ಲೇ ಉಳಿದ ಮೂರೂ ವಾಪಸ್ ಬರ್ತವೆ, ಏನ್ಮಾಡೋದು?

ಆಲ್ದೂರು_ತೋಟ:
180 ಎಕರೆ ಅರೇಬಿಕಾ. ಬಿಳಿ ಕಾಂಡಕೊರಕ ಬಿದ್ದು ಸೊರಗಿದ ಗಿಡ ಹುಡುಕೋಕೆ ಕಣ್ಣಿಗೆ ಕಾಣದ ಬೆಳಕನ್ನೂ ಹಿಡಿಯೋ ಮಲ್ಟಿಸ್ಪೆಕ್ಟ್ರಲ್ ಕ್ಯಾಮೆರಾ ಇರೋ ಮೂರು ಕ್ವಾಡ್ (ನಾಲ್ಕು ಫ್ಯಾನಿನ ಡ್ರೋನ್), ಎಲ್ಲದರಲ್ಲೂ ಆರ್ಡುಪೈಲಟ್ ಸಾಫ್ಟ್‌ವೇರ್. ಕಾಫಿ ಕಣದಿಂದ ಹಾರಿಸೋದು. ಕಣಕ್ಕೂ ಕಣಿವೆಗೂ ನಡುವೆ 40 ಮೀಟರ್ ಗುಡ್ಡ, ಅದಕ್ಕೇ ನಾಲ್ಕನೇ ಡ್ರೋನ್ ರಿಲೇ. ಬ್ಯಾಟರಿ ಬದಲಿಸಲು ಅದನ್ನು ಇಳಿಸಿದ್ರೆ ಮೂರೂ ಒಟ್ಟಿಗೆ ಆರ್‌ಟಿಎಲ್, ಅಂದ್ರೆ ತಾವಾಗೇ ಹೊರಟ ಜಾಗಕ್ಕೆ ವಾಪಸ್. ಇನ್ನೊಂದು ರಿಲೇ ತಗೊಂಡ್ರೆ ಸರಿಹೋಗುತ್ತಾ?

ಹಾಸನ_ಟೆಲಿಮೆಟ್ರಿ:
ದುಡ್ಡು ಹಾಕೋ ಮುಂಚೆ ಸೆಟ್ಟಿಂಗ್ ನೋಡಿ ಸರ್. ಎರಡು ರಿಲೇ ಒಂದೇ ಗುಡ್ಡದ ಮೇಲೆ, ಒಂದೇ ರೇಡಿಯೋದಲ್ಲಿ ನಿಂತ್ರೆ ಮಂಜು, ಗಾಳಿ ಬಂದಾಗ ಎರಡೂ ಒಟ್ಟಿಗೇ ಹೋಗ್ತವೆ.

ಎಫ್‌ಎಸ್ ಆಪ್ಷನ್ಸ್‌ನಲ್ಲಿ (ಲಿಂಕ್ ಕಡಿದಾಗ ಏನು ಮಾಡಬೇಕು ಅನ್ನೋ ಸೆಟ್ಟಿಂಗ್) 2 ಹಾಕಿ. ನೆಲದ ಸ್ಟೇಷನ್ ಕಾಣದಿದ್ರೂ ಆಟೋ ಮೋಡ್‌ನಲ್ಲಿರೋ, ಅಂದ್ರೆ ಮೊದಲೇ ಹಾಕಿಟ್ಟ ದಾರಿಯಲ್ಲಿ ಹಾರೋ ಡ್ರೋನ್ ಕೆಲಸ ಮುಂದುವರಿಸುತ್ತೆ. ಬ್ಯಾಟರಿ ಫೇಲ್‌ಸೇಫ್ (ಚಾರ್ಜ್ ಇಳಿದಾಗ ತಾನಾಗೇ ವಾಪಸ್ ಬರೋದು) ಮಾತ್ರ ಬಿಗಿಯಾಗಿರಲಿ. ದೂರದ ತುದಿ 1.8 ಕಿ.ಮೀ., ಎದುರುಗಾಳಿಗೆ ವೇಗ ಸೆಕೆಂಡಿಗೆ 5 ಮೀಟರಿಗೆ ಇಳಿದ್ರೆ ವಾಪಸಾಗೋಕೆ 6 ನಿಮಿಷ ಬೇಕು. 18 ಆಂಪ್ ಎಳೆಯೋ ಕ್ವಾಡ್‌ಗೆ ಅದೇ 1800 ಎಂಎಎಚ್. ಇಳಿಯೋಕೆ ಇನ್ನಷ್ಟು ಸೇರಿಸಿ ಬ್ಯಾಟರಿ ಲೋ ಮಿತಿ ಇಡಿ.

ನಿಜವಾದ ಅಪಾಯ ವಾಪಸ್ ಬರುವಾಗ. ಆರ್‌ಟಿಎಲ್ ಎತ್ತರ ಬದಲಿಸದೇ ಬಿಟ್ರೆ 1500 ಸೆಂ.ಮೀ., ಅಂದ್ರೆ ಕಣದ ಮಟ್ಟದಿಂದ 15 ಮೀಟರ್. ಕಣಿವೆಯೊಳಗಿನ ಡ್ರೋನ್ ಅಷ್ಟೇ ಏರಿ ನೇರ ಗುಡ್ಡಕ್ಕೆ ಬರುತ್ತೆ. ಕಣದ ಲೆಕ್ಕದಲ್ಲೇ 100 ಮೀಟರ್ ಇಟ್ರೆ ಕಣಿವೆ ಮೇಲೆ ನೆಲದಿಂದ 120 ಮೀಟರ್ ಮಿತಿ ದಾಟಿಬಿಡಬಹುದು. ಹಾಗಾಗಿ ಆರ್‌ಟಿಎಲ್ ಆಲ್ಟ್ ಟೈಪ್ ಅನ್ನು ಟೆರೇನ್‌ಗೆ (ಆಯಾ ಜಾಗದ ನೆಲದಿಂದ ಅಳೆಯೋ ಎತ್ತರಕ್ಕೆ) ಬದಲಿಸಿ, ಮೂರಕ್ಕೂ 5000, 6000, 7000 ಕೊಡಿ. ಸಿಲ್ವರ್ ಓಕ್ 30 ಮೀಟರ್ ಇದ್ರೂ ಜಾಗ ಉಳಿಯುತ್ತೆ, ಒಂದರ ಮೇಲೊಂದು ಬಂದ್ರೂ 10 ಮೀಟರ್ ಅಂತರ ಇರುತ್ತೆ. ಆರ್ಮ್ ಮಾಡಿದ (ಹಾರೋಕೆ ಮೋಟಾರ್ ಚಾಲೂ ಮಾಡಿದ) ಜಾಗವೇ ಹೋಮ್, ವಾಪಸ್ ಬರೋದು ಅಲ್ಲಿಗೇ, ಕಣದಲ್ಲಿ 10 ಮೀಟರ್ ದೂರ ದೂರ ಇಟ್ಟು ಆರ್ಮ್ ಮಾಡಿ.

ಕಣಿವೆ_ಸಿಗ್ನಲ್:
ರೇಡಿಯೋ 915 ಮೆಗಾಹರ್ಟ್ಸಾ? ಇಲ್ಲಿ ಅದಕ್ಕೆ ಲೈಸೆನ್ಸ್ ವಿನಾಯಿತಿ ಇಲ್ಲ, 865–867 ಬಳಸಿ. 2 ಕಿ.ಮೀ. ಲಿಂಕಿನ ನಡುವೆ ಫ್ರೆನೆಲ್ ವಲಯದ (ಸಿಗ್ನಲ್ ಹರಡಿಕೊಂಡು ಸಾಗೋ ಜಾಗದ) ತ್ರಿಜ್ಯ 13 ಮೀಟರ್, ಅದರಲ್ಲಿ 8 ಆದ್ರೂ ಖಾಲಿ ಬೇಕು. ಗುಡ್ಡದ ಮರದ ತುದಿ ಸವರಿಕೊಂಡು ನಿಂತ ರಿಲೇ ಕಣ್ಣಿಗೆ ಕಂಡ್ರೂ ಡೇಟಾ ತೊದಲುತ್ತೆ. ಸಿಸ್‌ಐಡಿ (ಡ್ರೋನಿನ ಗುರುತಿನ ನಂಬರ್) ನಾಲ್ಕಕ್ಕೂ ಬೇರೆ ಬೇರೆ ಇದೆಯಾ ನೋಡಿ, ಎಲ್ಲಾ 1 ಆಗೇ ಬರ್ತವೆ.

ಆಲ್ದೂರು_ತೋಟ:
ಸಿಸ್‌ಐಡಿ ಸರಿ ಇದೆ, ರೇಡಿಯೋ ಬದಲಿಸ್ತೀನಿ. ಒಂದು ಡ್ರೋನಿನ ಸಿಗ್ನಲ್ ನಿಂತು ಸುಮ್ಮನಾದ್ರೆ ಅದರ ಪಟ್ಟೆಯನ್ನು (ಅದರ ಪಾಲಿನ ತೋಟದ ಭಾಗವನ್ನು) ಪಕ್ಕದ್ದಕ್ಕೆ ತಕ್ಷಣ ಕೊಡಬಹುದಾ?

ಹಾಸನ_ಟೆಲಿಮೆಟ್ರಿ:
ಬೇಡ. ಸುಮ್ಮನಾಗಿದೆ ಅಂದ್ರೆ ಬಿದ್ದಿದೆ ಅಂತಲ್ಲ. ಗುಡ್ಡದ ಆಚೆ ಅದು ಹಾಯಾಗಿ ಫೋಟೋ ತೆಗೀತಿರುತ್ತೆ, ನೀವು ಇನ್ನೊಂದನ್ನು ಅದೇ ಎತ್ತರಕ್ಕೆ, ಅದೇ ಸಾಲಿಗೆ ಕಳಿಸಿರ್ತೀರಿ. ಹಾರೋ ಮುಂಚೆ ಪ್ರತಿ ಪಟ್ಟೆಗೂ ಗಡುವು ಬರೆದಿಡಿ: 7:10ಕ್ಕೆ ಹಾರಿದ್ದು, ಬ್ಯಾಟರಿ ಪೂರಾ ಖಾಲಿಯಾಗೋದು 7:32ಕ್ಕೆ. ಅಲ್ಲಿವರೆಗೆ ಆ ಪಟ್ಟೆ ಅದರದ್ದೇ, ಆಮೇಲಷ್ಟೇ ಬೇರೆಯವಕ್ಕೆ. ವಾಪಸ್ ಬಂದದ್ದರ ಲಾಗಿನಲ್ಲಿ ಕ್ಯಾಮೆರಾ ಟ್ರಿಗರ್ (ಫೋಟೋ ತೆಗಿ ಅನ್ನೋ ಆದೇಶ) ಎಷ್ಟು, ಕಾರ್ಡ್‌ನಲ್ಲಿ ಫೋಟೋ ಎಷ್ಟು ಎಣಿಸಿ. ಟ್ರಿಗರ್ 412 ಇದ್ದು ಫೋಟೋ 380 ಇದ್ರೆ ಕಾರ್ಡ್ ನಿಧಾನ ಇರಬಹುದು. ಆಗ ಪೂರಾ ಪಟ್ಟೆ ಬೇಡ, ತಪ್ಪಿದ ಸಾಲು ಮಾತ್ರ ಮತ್ತೆ ಹಾರಿಸಿ.