ಕಾರವಾರದ ಗುಜರಿಯಲ್ಲಿ ಸಿಕ್ಕ ವರ್ಕ್‌ಸ್ಟೇಷನ್ ಯಾವ ಕಂಪನಿಯದು? ಪರದೆ ಬರುತ್ತಿಲ್ಲ

ಕಾಳಿ_ದಂಡೆ: ತಲೆ ಕೆಟ್ಟು ಹೋಗಿದೆ. ಗುಜರಿ ಅಂಗಡಿಯಿಂದ ಹಳೇ ವರ್ಕ್‌ಸ್ಟೇಷನ್ ತಂದಿದ್ದೇನೆ. ಫ್ಯಾನ್ ತಿರುಗುತ್ತದೆ, ಪರದೆಯಲ್ಲಿ ಏನೂ ಇಲ್ಲ. ಹೆಸರಿನ ಪಟ್ಟಿ ಕಿತ್ತು ಹೋಗಿದೆ. ಗೊತ್ತಿದ್ದವರು ಬೇಗ ಹೇಳಿ.

ಕುಮಟಾ_ಬೆಸುಗೆ: ಸನ್ ಕಂಪನಿಯ ಯಂತ್ರ. ಅದರ ಗಡಿಯಾರದ ಚಿಪ್‌ನೊಳಗೇ ಬ್ಯಾಟರಿ ಇರುತ್ತದೆ, ಅದು ಸತ್ತರೆ ಹೋಸ್ಟ್ ಐಡಿ (ಯಂತ್ರದ ಗುರುತಿನ ಸಂಖ್ಯೆ), ಈಥರ್ನೆಟ್ ವಿಳಾಸ ಎಲ್ಲ ಹೋಗುತ್ತದೆ. ಆ ಚಿಪ್ ಬದಲಿಸಿ.

ಶಿರಸಿ_ಅಟ್ಟ: ಬ್ಯಾಟರಿ ಸತ್ತ ಸನ್ ಪರದೆ ಮೇಲೆ ಐಡಿಪ್ರಾಮ್ (ಆ ಗುರುತು ಇರುವ ಮೆಮೊರಿ) ಸರಿಯಿಲ್ಲ ಅಂತಾದರೂ ಬರೆಯುತ್ತದೆ, ಅಲ್ವಾ? ಹಿಂದೆ ಯಾವ ಸಾಕೆಟ್ ಇವೆ, ಪ್ರೊಸೆಸರ್ ಮೇಲೆ ಏನಿದೆ, ಅದು ಹೇಳಿ ಮಾರಾಯ್ರೆ.

ಕುಮಟಾ_ಬೆಸುಗೆ: ಯಾವ ಮಾನಿಟರ್ ಹಾಕಿದ್ದಾರೋ ಏನೋ. ಮೊದಲು ಚಿಪ್ ಬದಲಿಸಿ.

ಹೊನ್ನಾವರ_ತೀರ: ಕರಾವಳಿಯ ಉಪ್ಪುಗಾಳಿಗೆ ಪಿನ್ನುಗಳೆಲ್ಲ ಹಸಿರು ಹಿಡಿಯುತ್ತವೆ. ನನ್ನ ಹಳೇ ವರ್ಕ್‌ಸ್ಟೇಷನ್‌ಗಳಾದ ಎಸ್‌ಜಿಐ ಇಂಡಿ, ಸನ್ ಸ್ಪಾರ್ಕ್‌ಸ್ಟೇಷನ್ 5 ಎರಡನ್ನೂ ಮುಚ್ಚಿದ ಕಪಾಟಿನಲ್ಲಿ ಸಿಲಿಕಾ ಜೆಲ್ ಹಾಕಿ ಇಟ್ಟಿದ್ದೇನೆ, ಇವತ್ತಿಗೂ ಎರಡೂ ಓಡುತ್ತವೆ.

ಶಿರಸಿ_ಅಟ್ಟ: ಘಟ್ಟದ ಮೇಲೆ ಮಳೆಗಾಲದ ಬೂಸಲು ಇದಕ್ಕಿಂತ ಕಷ್ಟ. ಅದಿರಲಿ.

ಕಾಳಿ_ದಂಡೆ: ಹಿಂದೆ ಎರಡು ದುಂಡು ಬಿಎನ್‌ಸಿ ಸಾಕೆಟ್ ಅಕ್ಕಪಕ್ಕ ಇವೆ, ಟಿವಿ ಕೇಬಲ್‌ಗೆ ಅಂತ ಬಿಟ್ಟಿದ್ದೆ. ಒಳಗೆ ಹಳೇ ಪಿಸಿಯಂಥ ಉದ್ದ ಕಪ್ಪು ಸ್ಲಾಟ್. ಚಿಪ್ ಎಂಸಿ68030, ಕೊನೆಯಲ್ಲಿ 25.

ಕುಮಟಾ_ಬೆಸುಗೆ: ಸನ್ 3/80ರಲ್ಲೂ 68030 ಇತ್ತು.

ಶಿರಸಿ_ಅಟ್ಟ: ಇತ್ತು, ಆದರೆ ಅದರಲ್ಲಿ ಪಿಸಿ ಸ್ಲಾಟ್ ಇರಲಿಲ್ಲ. ಇದು ಅಪೊಲೊ ಕಂಪನಿಯದು. ಆ ಎರಡು ಸಾಕೆಟ್ ಅಪೊಲೊ ಟೋಕನ್ ರಿಂಗ್‌ದು, ಅಂದರೆ ಯಂತ್ರಗಳನ್ನು ಉಂಗುರದಂತೆ ಜೋಡಿಸುವ ಜಾಲದ್ದು, ಸಂಕೇತ ಒಂದರಲ್ಲಿ ಒಳಗೆ, ಇನ್ನೊಂದರಲ್ಲಿ ಹೊರಗೆ, ಸೆಕೆಂಡಿಗೆ 12 ಮೆಗಾಬಿಟ್. ಪಿಸಿ ಸ್ಲಾಟ್, 25 ಮೆಗಾಹರ್ಟ್ಸ್ 68030 ಅಂದರೆ ಡಿಎನ್3500 ಮಾದರಿ. 33 ಇದ್ದಿದ್ದರೆ ಡಿಎನ್4500. ಪ್ರೈಮ್ ಕಂಪ್ಯೂಟರ್ ಶುರು ಮಾಡಿದವರಲ್ಲಿ ಒಬ್ಬರಾದ ವಿಲಿಯಂ ಪೊಡುಸ್ಕಾ 1980ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಅಪೊಲೊ ಕಟ್ಟಿದರು. ಸನ್ ಹುಟ್ಟಿದ್ದು 1982ರಲ್ಲಿ. ಅಪೊಲೊದ ಆಪರೇಟಿಂಗ್ ಸಿಸ್ಟಮ್ ಆದ ಡೊಮೇನ್‌ನಲ್ಲಿ ಎರಡು ಓರೆಗೆರೆ ಹಾಕಿ ಯಂತ್ರದ ಹೆಸರು ಬರೆದರೆ ಸಾಕು, ಜಾಲದ ಯಾವ ಯಂತ್ರದ ಫೈಲೂ ತೆರೆಯುತ್ತಿತ್ತು. ಆ ಕಾಲಕ್ಕೆ ಅದೆಂಥ ದೊಡ್ಡ ಕೆಲಸ! 1989ರಲ್ಲಿ ಎಚ್‌ಪಿ ಅಪೊಲೊವನ್ನು 47.6 ಕೋಟಿ ಡಾಲರ್‌ಗೆ ಕೊಂಡುಕೊಂಡಿತು. ಪಿಸಿ ಕೀಬೋರ್ಡ್ ಇದಕ್ಕೆ ನಡೆಯುವುದಿಲ್ಲ, ಅದರದೇ ಬೇಕು.

ಹೊನ್ನಾವರ_ತೀರ: ಮಲ್ಟಿಮೀಟರ್ ತಗೊಂಡು 5 ಮತ್ತು 12 ವೋಲ್ಟ್ ನೋಡಿ. ಫ್ಯಾನ್ ತಿರುಗಿದರೆ 5 ಸರಿ ಇದೆ ಅಂತಲ್ಲ.

ಕುಮಟಾ_ಬೆಸುಗೆ: ಸನ್ 3/80 ಬಗ್ಗೆ ಬೇರೆ ಚರ್ಚೆ ತೆರೆಯುತ್ತೇನೆ, ಆ ಮಾತು ಅಲ್ಲಿ ಆಡೋಣ.

ಕಾಳಿ_ದಂಡೆ: 12 ಸರಿ ಇದೆ. 5ರ ಕಡೆ 4.3 ತೋರಿಸುತ್ತಿದೆ.

ಹೊನ್ನಾವರ_ತೀರ: ಅದೇ ಕಾರಣ. ಇಂಥ ಬೋರ್ಡಿಗೆ 4.75 ಆದರೂ ಬೇಕು. ಪ್ಲಗ್ ತೆಗೆದು ಸ್ವಲ್ಪ ಹೊತ್ತು ಬಿಡಿ, ದೊಡ್ಡ ಕೆಪಾಸಿಟರ್ ಖಾಲಿ ಆಗಿದೆ ಅಂತ ಮೀಟರ್ ಹಿಡಿದು ಖಾತ್ರಿ ಮಾಡಿಕೊಂಡ ಮೇಲೆಯೇ ಕೈ ಹಾಕಿ. 5 ವೋಲ್ಟ್ ಕಡೆಯ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳನ್ನು ಬದಲಿಸಿ. ಸುಮ್ನೆ ಗಡಿಯಾರದ ಚಿಪ್ ಹುಡುಕುತ್ತಾ ಕೂರಬೇಡಿ.