ವಿಗಬಾಟ್ರಿನ್ ಮಾತ್ರೆಯಿಂದ ಪಕ್ಕದ ನೋಟ ಕಿರಿದಾಗಿದ್ದರೆ ಅದು ಮರಳುವುದೇ?

ಪ್ರಶ್ನೆ

ನನ್ನ ತಂಗಿಗೆ ಹದಿನೈದನೆಯ ವಯಸ್ಸಿನಿಂದ ಅಪಸ್ಮಾರವಿದೆ. ಮೂರು ಔಷಧಿಗಳನ್ನು ಒಂದರ ನಂತರ ಒಂದರಂತೆ ಬದಲಿಸಿದರೂ ಹತೋಟಿಗೆ ಬಾರದಿದ್ದ ಫಿಟ್ಸ್, ಆರು ವರ್ಷಗಳ ಹಿಂದೆ ವಿಗಬಾಟ್ರಿನ್ ಸೇರಿಸಿದ ಮೇಲೆ ಬಹುಮಟ್ಟಿಗೆ ನಿಂತವು. ಆದರೆ ಕೆಲವು ತಿಂಗಳುಗಳಿಂದ ಅವಳು ನಡೆಯುವಾಗ ಬಾಗಿಲ ಚೌಕಟ್ಟಿಗೆ ಭುಜ ಬಡಿಸಿಕೊಳ್ಳುತ್ತಿದ್ದಾಳೆ, ಪಕ್ಕದಲ್ಲಿಟ್ಟ ಲೋಟಕ್ಕೆ ಕೈ ತಾಗಿಸಿ ಉರುಳಿಸುತ್ತಾಳೆ, ಬದಿಯಿಂದ ಯಾರಾದರೂ ಬಂದು ಮಾತನಾಡಿಸಿದರೆ ಬೆಚ್ಚಿಬೀಳುತ್ತಾಳೆ. ಮಾತ್ರೆಯ ಮಂಪರಿನಿಂದ ಹೀಗಾಗುತ್ತಿದೆ ಎಂದೇ ನಾವು ತಿಳಿದಿದ್ದೆವು. ಕಣ್ಣು ತೋರಿಸಲು ಕರೆದೊಯ್ದಾಗ ಅಕ್ಷರಗಳ ಫಲಕದ ಕೊನೆಯ ಸಾಲನ್ನೂ ತಡವರಿಸದೆ ಓದಿದಳು. ದೃಷ್ಟಿ ಚೆನ್ನಾಗಿದೆ ಎಂದು ಹೇಳಿ ಕಳುಹಿಸಿದರು. ಔಷಧಿಯ ಜೊತೆ ಬರುವ ಕಾಗದವನ್ನು ಮೊನ್ನೆ ಮೊದಲ ಬಾರಿಗೆ ಪೂರ್ತಿ ಓದಿದಾಗ ಅದರಲ್ಲಿ ದೃಷ್ಟಿನಷ್ಟದ ಎಚ್ಚರಿಕೆ ಕಂಡು ಎದೆ ಧಸಕ್ಕೆಂದಿತು. ಓದಲು ಯಾವ ತೊಂದರೆಯೂ ಇಲ್ಲದವಳಿಗೆ ಇದು ಔಷಧಿಯಿಂದ ಆಗಿರಬಹುದೇ? ಮಾತ್ರೆ ನಿಲ್ಲಿಸಿದರೆ ಹೋದದ್ದು ಮರಳಿ ಬರುತ್ತದೆಯೇ?

ಉತ್ತರ 1

ಮೊದಲನೆಯದಾಗಿ, ವೈದ್ಯರನ್ನು ಕೇಳದೆ ಮಾತ್ರೆಯನ್ನು ಇಂದೇ ನಿಲ್ಲಿಸಿಬಿಡುವ ಯೋಚನೆ ಮನಸ್ಸಿಗೆ ಬಂದಿದ್ದರೆ ದಯವಿಟ್ಟು ಅದನ್ನು ಬಿಡಿ. ಅಪಸ್ಮಾರದ ಔಷಧಿಯನ್ನು ಥಟ್ಟನೆ ಬಿಟ್ಟರೆ ಒಂದರ ಹಿಂದೊಂದು ಫಿಟ್ಸ್ ಬಂದು ಪ್ರಾಣಕ್ಕೇ ಅಪಾಯವಾಗಬಹುದು.

ನಾನು ನೇತ್ರ ವಿಭಾಗವೊಂದರಲ್ಲಿ ದೃಷ್ಟಿಕ್ಷೇತ್ರದ, ಅಂದರೆ ನೇರ ನೋಡುತ್ತಿರುವಾಗ ಸುತ್ತಲೂ ಎಷ್ಟು ದೂರ ಕಾಣುತ್ತದೆ ಎಂಬುದರ, ಪರೀಕ್ಷೆ ನಡೆಸುವ ಕೆಲಸದಲ್ಲಿದ್ದೇನೆ. ನೀವು ವಿವರಿಸಿರುವ ಲಕ್ಷಣಗಳು ವಿಗಬಾಟ್ರಿನ್‌ನಿಂದ ಆಗುವ ಹಾನಿಗೆ ಹೊಂದುತ್ತವೆ, ಆದರೆ ಪರೀಕ್ಷೆ ಮಾಡದೆ ಹೌದೆಂದು ಹೇಳಲಾಗದು. ಮಿದುಳಿನಲ್ಲಿ ಗಾಬಾ ಎಂಬ ರಾಸಾಯನಿಕವನ್ನು ಒಡೆಯುವ ಕಿಣ್ವವನ್ನು ತಡೆದು ಈ ಔಷಧಿ ಫಿಟ್ಸನ್ನು ತಗ್ಗಿಸುತ್ತದೆ. ಅದು ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸುವ ಪದರವಾದ ರೆಟಿನಾದಲ್ಲಿಯೂ ಸೇರಿಕೊಂಡು ಅಲ್ಲಿನ ಕೋಶಗಳನ್ನು ಹಾಳುಮಾಡಬಲ್ಲದು. ಬ್ರಿಟನ್ನಿನಲ್ಲಿ 1989ರಲ್ಲಿ ಬಳಕೆಗೆ ಬಂದ ಔಷಧಿಯಿದು. ದೃಷ್ಟಿಕ್ಷೇತ್ರ ಕುಗ್ಗಿದ ಪ್ರಕರಣಗಳು ವೈದ್ಯಕೀಯ ಪತ್ರಿಕೆಯಲ್ಲಿ ಮೊದಲು ವರದಿಯಾದದ್ದು 1997ರಲ್ಲಿ. ಅಷ್ಟು ವರ್ಷ ಅದು ಗಮನಕ್ಕೆ ಬಾರದೆ ಹೋದದ್ದಕ್ಕೂ, ನಿಮ್ಮ ತಂಗಿ ಫಲಕವನ್ನು ಸಲೀಸಾಗಿ ಓದಿದ್ದಕ್ಕೂ ಕಾರಣ ಒಂದೇ. ಹಾನಿ ತಟ್ಟುವುದು ನೋಟದ ಅಂಚಿಗೆ. ಅಕ್ಷರದ ಫಲಕ ಅಳೆಯುವುದು ನೋಟದ ನಡುವನ್ನು ಮಾತ್ರ. ಅದರಲ್ಲೂ ಸಾಮಾನ್ಯವಾಗಿ ಮೊದಲು ಮಸುಕಾಗುವುದು ಮೂಗಿನ ಕಡೆಯ ಭಾಗ. ಬಲಗಣ್ಣಿನ ಆ ಭಾಗ ಹೋದರೆ ಎಡಗಣ್ಣಿನ ಹೊರಬದಿಯ ನೋಟ ಅದನ್ನು ತುಂಬಿಕೊಡುತ್ತದೆ; ಹೀಗಾಗಿ ಎರಡೂ ಕಣ್ಣು ತೆರೆದಿರುವಾಗ ರೋಗಿಗೆ ಏನೂ ಕಡಿಮೆಯಾದಂತೆ ತೋರುವುದಿಲ್ಲ. ಹೊರಬದಿಯೂ ಕುಗ್ಗಿದ ಮೇಲೆಯೇ ಚೌಕಟ್ಟು ಭುಜಕ್ಕೆ ಬಡಿಯುವುದು. ಆದ್ದರಿಂದ ನೀವು ಈಗ ಗಮನಿಸಿರುವುದು ಆರಂಭದ ಹಂತವಲ್ಲದಿರಬಹುದು. ಇದನ್ನು ಬರೆಯಲು ನನಗೆ ಕಷ್ಟವಾಗುತ್ತಿದೆ, ಆದರೂ ಪರೀಕ್ಷೆಯನ್ನು ಮುಂದೂಡಬಾರದೆಂದು ಹೇಳುತ್ತಿದ್ದೇನೆ.

ದೀರ್ಘಕಾಲ ಸೇವಿಸಿದ ವಯಸ್ಕರಲ್ಲಿ ನೂರಕ್ಕೆ 30 ಅಥವಾ ಅದಕ್ಕೂ ಹೆಚ್ಚು ಮಂದಿಗೆ ಈ ತೊಂದರೆ ಕಾಣಿಸಿಕೊಳ್ಳುತ್ತದೆ. ಒಟ್ಟು ಸೇವಿಸಿದ ಪ್ರಮಾಣ ಹೆಚ್ಚಿದಂತೆ ಅಪಾಯವೂ ಹೆಚ್ಚುತ್ತದೆ. ಹೋದ ನೋಟ ಮರಳುವುದಿಲ್ಲವೆಂದೇ ತಿಳಿಯಬೇಕು. ನಿಲ್ಲಿಸುವುದರ ಉದ್ದೇಶ ಉಳಿದದ್ದನ್ನು ಕಾಪಾಡಿಕೊಳ್ಳುವುದು.

ಫೀಲ್ಡ್ ಟೆಸ್ಟ್ (ದೃಷ್ಟಿಕ್ಷೇತ್ರದ ಪರೀಕ್ಷೆ) ಬೇಕೆಂದು ಬಾಯಿಬಿಟ್ಟು ಕೇಳಿ. ಗ್ಲಾಕೋಮಾಕ್ಕಾಗಿ ಸಾಮಾನ್ಯವಾಗಿ ಮಾಡುವ ಪರೀಕ್ಷೆ ನಡುವಿನ 24 ಅಥವಾ 30 ಡಿಗ್ರಿಗಳಿಗೆ ಸೀಮಿತವಾಗಿರುತ್ತದೆ. ವಿಗಬಾಟ್ರಿನ್ ಸೇವಿಸುವವರಿಗೆ 60 ಡಿಗ್ರಿಯವರೆಗೆ ನೋಡಬೇಕು. ರೆಟಿನಾದ ನರತಂತುಗಳ ಪದರ ತೆಳುವಾಗಿದೆಯೇ ಎಂದು ಓಸಿಟಿ ಸ್ಕ್ಯಾನ್ ತಿಳಿಸುತ್ತದೆ. ಬಿಂದು ಕಂಡಾಗ ಗುಂಡಿ ಒತ್ತುವ ಪರೀಕ್ಷೆಯಲ್ಲಿ ಗಮನ ನಿಲ್ಲಿಸಲಾಗದವರಿಗೆ, ಚಿಕ್ಕ ಮಕ್ಕಳಿಗೆ, ಬೆಳಕಿಗೆ ರೆಟಿನಾ ತೋರುವ ವಿದ್ಯುತ್ ಪ್ರತಿಕ್ರಿಯೆಯನ್ನು ಅಳೆಯುವ ಇಆರ್‌ಜಿ ಇದೆ.

ಉತ್ತರ 2

ನಾನು ಇದೇ ಔಷಧಿಯನ್ನು ಒಂಬತ್ತು ವರ್ಷ ಸೇವಿಸಿದವನು. ನನ್ನ ನೋಟ ಈಗ ಕೊಳವೆಯೊಳಗಿಂದ ನೋಡಿದಂತಿದೆ. ನಾನು ಚಿಕಿತ್ಸೆ ಪಡೆಯುತ್ತಿದ್ದಲ್ಲಿ ಆ ಒಂಬತ್ತು ವರ್ಷಗಳಲ್ಲಿ ಒಂದು ಬಾರಿಯೂ ಕಣ್ಣಿನ ಕ್ಷೇತ್ರವನ್ನು ಅಳೆಯಲಿಲ್ಲ, ಅಳೆಯಬೇಕೆಂದು ನನಗೂ ಗೊತ್ತಿರಲಿಲ್ಲ; ಆ ನೋವು ಇಂದಿಗೂ ಆರಿಲ್ಲ. ಔಷಧಿ ಆರಂಭಿಸುವಾಗಲೇ ಒಂದು ಪರೀಕ್ಷೆ ಆಗಬೇಕು, ಆಮೇಲೆ ಕೆಲವು ದೇಶಗಳಲ್ಲಿ ಮೂರು ತಿಂಗಳಿಗೊಮ್ಮೆ, ಕೆಲವೆಡೆ ಆರು ತಿಂಗಳಿಗೊಮ್ಮೆ, ಹಾಗೂ ನಿಲ್ಲಿಸಿದ ಮೂರರಿಂದ ಆರು ತಿಂಗಳೊಳಗೆ ಮತ್ತೊಮ್ಮೆ ಆಗಬೇಕು ಎಂಬುದನ್ನು ನಾನು ತಿಳಿದದ್ದು ಬಹಳ ತಡವಾಗಿ.

ಆದರೂ ಆ ಔಷಧಿಯನ್ನು ನಾನು ಶಪಿಸಲಾರೆ. ವಾರಕ್ಕೆ ನಾಲ್ಕಾರು ಬಾರಿ ನೆಲಕ್ಕೆ ಬೀಳುತ್ತಿದ್ದವನಿಗೆ ಅದು ಬದುಕನ್ನು ಮರಳಿ ಕೊಟ್ಟಿತು. ಮೊದಲೇ ತಿಳಿದಿದ್ದರೂ ನಾನು ಅದನ್ನು ಒಪ್ಪುತ್ತಿದ್ದೆನೇನೋ. ತಿಳಿದು ಒಪ್ಪುವ ಅವಕಾಶ ನನಗೆ ಸಿಗಲಿಲ್ಲವೆಂಬುದೇ ನನ್ನ ಸಂಕಟ. ವಾರಗಟ್ಟಲೆ ಅವಧಿಯಲ್ಲಿ ಹಂತಹಂತವಾಗಿ ಪ್ರಮಾಣ ಇಳಿಸಿ, ಬೇರೆ ಔಷಧಿಗೆ ಬದಲಾಯಿಸಿದರು. ಇಂದು ರಸ್ತೆ ದಾಟುವಾಗ ಕಣ್ಣನ್ನಷ್ಟೇ ಹೊರಳಿಸದೆ ತಲೆಯನ್ನೇ ಎರಡೂ ಕಡೆ ಪೂರ್ತಿ ತಿರುಗಿಸುತ್ತೇನೆ. ತಂಗಿಯವರಿಗೂ ಇದನ್ನು ಈಗಲೇ ಅಭ್ಯಾಸ ಮಾಡಿಸಿ. ಅವರು ವಾಹನ ಓಡಿಸುತ್ತಿದ್ದರೆ ಪರೀಕ್ಷೆಯ ಫಲಿತಾಂಶ ಬರುವವರೆಗೆ ಬೇಡ.

ಉತ್ತರ 3

ಒಂದು ಸಣ್ಣ ಸೇರ್ಪಡೆ. ಅಪಸ್ಮಾರವಿರುವವರ ಕಣ್ಣಿನ ತೊಂದರೆಗಳೆಲ್ಲ ಒಂದೇ ಬಗೆಯವಲ್ಲ. ಕಾರ್ಬಮಜೆಪಿನ್ ಅಥವಾ ಫೆನಿಟಾಯಿನ್ ಪ್ರಮಾಣ ಹೆಚ್ಚಾದಾಗ ಒಂದು ವಸ್ತು ಎರಡಾಗಿ ಕಾಣುತ್ತದೆ. ಪ್ರಮಾಣ ಇಳಿಸಿದರೆ ಅದು ಸಾಮಾನ್ಯವಾಗಿ ಸರಿಹೋಗುತ್ತದೆ. ಟೋಪಿರಾಮೇಟ್ ಆರಂಭಿಸಿದ ಮೊದಲ ತಿಂಗಳೊಳಗೆ ಕಣ್ಣು ನೋವು, ಕೆಂಪು ಹಾಗೂ ದಿಢೀರ್ ಮಸುಕು ಕಾಣಿಸಿದರೆ ಕಣ್ಣಿನೊಳಗಿನ ಒತ್ತಡ ಏರಿರಬಹುದು, ಅದಕ್ಕೆ ಅದೇ ದಿನ ಚಿಕಿತ್ಸೆ ಬೇಕು. ಎರಡೂ ಕಣ್ಣುಗಳಲ್ಲಿ ಒಂದೇ ಬದಿಯ ನೋಟ ಹೋಗಿದ್ದರೆ ಕಾರಣ ಮಿದುಳಿನಲ್ಲಿರುವ ಸಾಧ್ಯತೆಯೇ ಹೆಚ್ಚು. ನಿಮ್ಮ ತಂಗಿಯವರು ಎರಡೂ ಪಕ್ಕಕ್ಕೆ ಬಡಿಸಿಕೊಳ್ಳುತ್ತಾರೆಯೇ, ಒಂದೇ ಪಕ್ಕಕ್ಕೆಯೇ?

ಪ್ರಶ್ನೆ ಕೇಳಿದವರು

ಎರಡೂ ಪಕ್ಕಕ್ಕೆ. ನಿಮ್ಮ ಉತ್ತರ ಓದಿದ ಮೇಲೆ ಅವಳನ್ನು ಎದುರಿಗೆ ಕೂರಿಸಿಕೊಂಡು, ನನ್ನ ಮೂಗನ್ನೇ ನೋಡುತ್ತಿರಲು ಹೇಳಿ, ಎರಡೂ ಬದಿಯಿಂದ ನಿಧಾನವಾಗಿ ಬೆರಳು ಒಳಗೆ ತಂದೆ. ನನ್ನ ಬೆರಳು ನನಗೇ ಎಷ್ಟೋ ಹೊತ್ತಿನ ಮುಂಚೆ ಕಂಡಿತ್ತು. ಅವಳಿಗೆ ಕಂಡದ್ದು ಅದು ಬಹುತೇಕ ಮುಖದ ಮುಂದಕ್ಕೆ ಬಂದ ಮೇಲೆ. ನರರೋಗ ವೈದ್ಯರಿಗೆ ಕರೆ ಮಾಡಿ ತಿಳಿಸಿದೆ. ಗುರುವಾರ ಫೀಲ್ಡ್ ಟೆಸ್ಟ್ ಮತ್ತು ಓಸಿಟಿ ಎರಡನ್ನೂ ಮಾಡಿಸಿ, ವರದಿಯೊಂದಿಗೆ ಮರುದಿನವೇ ಬರಲು ಹೇಳಿದ್ದಾರೆ. ಅಲ್ಲಿಯವರೆಗೆ ಮಾತ್ರೆ ತಪ್ಪಿಸಬಾರದೆಂದೂ ಹೇಳಿದ್ದಾರೆ.

ಉತ್ತರ 1ನ್ನು ಬರೆದವರು

ಒಳ್ಳೆಯದು. ಹಿಂದಿನ ರಾತ್ರಿ ಅವರು ಚೆನ್ನಾಗಿ ನಿದ್ರೆ ಮಾಡಲಿ. ದಣಿದ ಕಣ್ಣಿನಲ್ಲಿ ಫಲಿತಾಂಶ ಇರುವುದಕ್ಕಿಂತ ಕೆಟ್ಟದಾಗಿ ಬರುತ್ತದೆ. ಮೊದಲ ಬಾರಿಗೆ ಗುಂಡಿ ಒತ್ತುವವರು ತಡಬಡಿಸುವುದು ಸಹಜ, ಹಾಗಾಗಿ ಒಂದು ಕಣ್ಣು ಮುಗಿದ ಮೇಲೆ ವಿರಾಮ ಕೇಳಿ. ಫಲಿತಾಂಶದ ಹಾಳೆಯ ಪ್ರತಿಯನ್ನು ಪಡೆದು ಇಟ್ಟುಕೊಳ್ಳಿ. ಮುಂದಿನ ಪ್ರತಿಯೊಂದು ಪರೀಕ್ಷೆಯನ್ನೂ ಅದರ ಪಕ್ಕದಲ್ಲಿಟ್ಟು ಹೋಲಿಸಬೇಕಾಗುತ್ತದೆ.